ಹುಟ್ಟು ಅವಳದು, ಬಲೆ ಅವನದು



ಗಂಡ ಹೆಂಡತಿ ಇಬ್ಬರೇ ಒಂದು ಹಾಯಿದೋಣಿಯಲ್ಲಿ ಹೊರಟು, ದ್ವೀಪದಿಂದ ದ್ವೀಪಕ್ಕೆ ಸಾಗುತ್ತಾ, ದಾರಿಯಲ್ಲಿ ಮೀನು ಹಿಡಿದು ಉಣ್ಣುತ್ತಾ ವರ್ಷಗಟ್ಟಲೆ ನೀರಿನ ಮೇಲೆ ಬದುಕಿದ ಕಥೆಗಳನ್ನು ನೀವು ಓದಿರಬಹುದು. ಅಮೆರಿಕದ ಲಿನ್ ಪಾರ್ಡಿ, ಕೆನಡಾದ ಲ್ಯಾರಿ ಪಾರ್ಡಿ ಅಂಥ ದಂಪತಿ. ತಮ್ಮ ಕೈಯಾರೆ ಕಟ್ಟಿದ 24 ಅಡಿಯ ಮರದ ದೋಣಿಯನ್ನು 1968ರಲ್ಲಿ ನೀರಿಗಿಳಿಸಿದರು. ಅದಕ್ಕೆ ಎಂಜಿನ್ ಇರಲಿಲ್ಲ. ಗಾಳಿ ಮತ್ತು ಇಬ್ಬರ ತೋಳಬಲ, ಅಷ್ಟನ್ನೇ ನಂಬಿ ಲೋಕ ಸುತ್ತಿದರು. ಅವರ ಪುಸ್ತಕಗಳನ್ನು ಓದಿ ಸಮುದ್ರಕ್ಕಿಳಿದವರು ಅನೇಕರು.

ಅಂಥ ಜೋಡಿಗಳು ನಮ್ಮಲ್ಲೂ ಇದ್ದಾರೆ. ಸಮುದ್ರದಲ್ಲಲ್ಲ, ಕಾವೇರಿಯಲ್ಲಿ. ಕೊಳ್ಳೇಗಾಲದಿಂದ ಸತ್ತೇಗಾಲದ ಕಡೆ ಹೊರಟರೆ ಸಾಕು, ಬೆಳಗಿನ ಹೊತ್ತಿನಲ್ಲಿ ನದಿಯ ಮೇಲೆ ಕಾಣಸಿಗುತ್ತಾರೆ. ಒಂದು ತೆಪ್ಪ, ಅದರಲ್ಲಿ ಇಬ್ಬರು. ಒಬ್ಬರ ಕೈಯಲ್ಲಿ ಬಲೆ, ಇನ್ನೊಬ್ಬರ ಕೈಯಲ್ಲಿ ಹುಟ್ಟು. ಹುಟ್ಟು ಹಿಡಿದವಳು ಹೆಚ್ಚಾಗಿ ಹೆಂಡತಿ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬಲೆ ಬಿಡುವವನು ಎಷ್ಟರಮಟ್ಟಿಗೆ ಮೀನುಗಾರನೋ, ಹುಟ್ಟು ಹಾಕುವವಳೂ ಅಷ್ಟರಮಟ್ಟಿಗೆ ಮೀನುಗಾರ್ತಿ. ಇದು ಗೌರವಕ್ಕಾಗಿ ಹೇಳುವ ಮಾತಲ್ಲ. ಕೆಲಸ ನೋಡಿ ಹೇಳುವ ಮಾತು. ಆ ಕೆಲಸ ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ.

ಕಣ್ಣು ಮುಚ್ಚಿಕೊಂಡು ಈ ನದಿಯನ್ನು ಮನಸ್ಸಿಗೆ ತಂದುಕೊಳ್ಳಿ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ತಲಕಾಡಿನ ಮರಳನ್ನು ಬಳಸಿ ಕೊಳ್ಳೇಗಾಲದ ಬಯಲಿಗೆ ಬರುತ್ತಾಳೆ. ಇಲ್ಲಿ ಅವಳು ಅಗಲ. ದಡದಲ್ಲಿ ಭತ್ತದ ಗದ್ದೆ, ಕಬ್ಬು, ತೆಂಗು. ಮುಳ್ಳೂರು, ಹಂಪಾಪುರ, ದಾಸನಪುರ, ಅಣಗಳ್ಳಿ ಇವೆಲ್ಲ ನೀರಿಗೆ ಹತ್ತಿರದ ಊರುಗಳು. ಸತ್ತೇಗಾಲದ ಹತ್ತಿರ ಬರುತ್ತಿದ್ದ ಹಾಗೆ ನೆಲದಿಂದ ಕಲ್ಲುಬಂಡೆಗಳು ಏಳುತ್ತವೆ. ನದಿ ಒಡೆಯುತ್ತದೆ. ಹಲವು ಕವಲು, ಕವಲುಗಳ ನಡುವೆ ತಿಟ್ಟು, ತಿಟ್ಟುಗಳ ಮೇಲೆ ಹೊಳೆಮತ್ತಿ, ಬಿದಿರು, ಜೊಂಡು. ಯಡಕುರಿಯ ಎಂಬ ಊರೇ ನೀರಿನ ನಡುವೆ ಇದೆ. ಕೊನೆಗೆ ಶಿವನಸಮುದ್ರದ ದೊಡ್ಡ ನಡುಗಡ್ಡೆ. ಮಧ್ಯರಂಗನ ಗುಡಿ ಇರುವುದು ಅದರ ಮೇಲೆ. ಆ ನಡುಗಡ್ಡೆಯನ್ನು ಎರಡೂ ಕಡೆಯಿಂದ ತಬ್ಬಿ ಹರಿಯುವ ನೀರು ಪಶ್ಚಿಮದಲ್ಲಿ ಗಗನಚುಕ್ಕಿಯಾಗಿ, ಪೂರ್ವದಲ್ಲಿ ಭರಚುಕ್ಕಿಯಾಗಿ ಸುಮಾರು 300 ಅಡಿ ಕೆಳಕ್ಕೆ ಇಳಿಯುತ್ತದೆ.

ಜಲಪಾತ ನೋಡಲು ಬರುವವರಿಗೆ ನದಿ ಅಲ್ಲಿ ಶುರುವಾಗುತ್ತದೆ. ತೆಪ್ಪದವರಿಗೆ ಅಲ್ಲಿ ಮುಗಿಯುತ್ತದೆ. ಅವರ ಬದುಕು ಅದಕ್ಕಿಂತ ಮೇಲಿನ ತಿಟ್ಟುಗಳ ನಡುವಿನ ನಿಧಾನದ ನೀರಿನಲ್ಲಿ.

ಈಗ ತೆಪ್ಪದ ವಿಷಯ. ಕೆಲವರು ಹರಿಗೋಲು ಎನ್ನುತ್ತಾರೆ. ಬಿದಿರಿನ ಸೀಳುಗಳನ್ನು ಅಡ್ಡ ಉದ್ದ ಹೆಣೆದು, ಅಂಚನ್ನು ಎತ್ತಿ ಬಿಗಿದು ಮಾಡುವ, ದೊಡ್ಡ ಮಂಕರಿಯ ಹಾಗಿನ ದುಂಡು ದೋಣಿ. ಅಡ್ಡಗಲ ಆರರಿಂದ ಎಂಟು ಅಡಿ. ಹಿಂದೆ ಅದರ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲ ಹೊದಿಸಿ ಮೇಲೆ ಟಾರು ಬಳಿಯುತ್ತಾರೆ. ಫೈಬರ್ ತೆಪ್ಪಗಳೂ ಬಂದಿವೆ. ಬಿದಿರಿನ ತೆಪ್ಪವನ್ನು ಒಬ್ಬ ಗಂಡಾಳು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯಬಲ್ಲ. ಕಲ್ಲು ತಗುಲಿದರೆ ಒಡೆಯುವುದಿಲ್ಲ, ಬಾಗುತ್ತದೆ. ಈ ಬಂಡೆಗಳ ನದಿಗೆ ಇದಕ್ಕಿಂತ ಒಳ್ಳೆಯ ದೋಣಿಯನ್ನು ಯಾರೂ ಮಾಡಿಲ್ಲ.

ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ತಳದಲ್ಲಿ ನೀರನ್ನು ಸೀಳುವ ಏಣಿಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಮುಂದೆ ಹೋಗುವುದಿಲ್ಲ, ಸುತ್ತುತ್ತದೆ. ನೇರ ಸಾಗಬೇಕಾದರೆ ಅಂಚಿನಲ್ಲಿ ಮೊಣಕಾಲೂರಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೈ ಎಲ್ಲಿಯೂ ನಿಲ್ಲುವಂತಿಲ್ಲ. ನಿಂತರೆ ನದಿ ತನ್ನ ದಾರಿಗೆ ಎಳೆದುಕೊಂಡು ಹೋಗುತ್ತದೆ.

ನದಿ ಹೇಗಿದೆ ಎಂದು ಹೇಳಿದೆ. ತೆಪ್ಪ ಹೇಗಿದೆ ಎಂದೂ ಹೇಳಿದೆ. ಇನ್ನು ಅದರಲ್ಲಿ ಕೂತ ಇಬ್ಬರ ಕೆಲಸ.

ಹೊತ್ತು ಇಳಿಯುವ ಮೊದಲು ತೆಪ್ಪ ನೀರಿಗೆ ಬೀಳುತ್ತದೆ. ರಾತ್ರಿ ಮೀನು ಓಡಾಡುವ ದಾರಿಗೆ ಅಡ್ಡವಾಗಿ ಬಲೆ ಕಟ್ಟಿಬರಬೇಕು. ಬಲೆಯ ಒಂದು ತುದಿಯನ್ನು ದಡದ ಬೇರಿಗೋ ಬಂಡೆಗೋ ಬಿಗಿಯುತ್ತಾರೆ. ಆಮೇಲೆ ಗಂಡ ಮಡಿಕೆ ಮಡಿಕೆಯಾಗಿ ಬಲೆಯನ್ನು ನೀರಿಗೆ ಬಿಡುತ್ತಾ ಹೋಗುತ್ತಾನೆ. ಮೇಲಂಚಿನಲ್ಲಿ ಬೆಂಡು, ಕೆಳಂಚಿನಲ್ಲಿ ಭಾರ. ಬೆಂಡು ತೇಲುತ್ತದೆ, ಭಾರ ಮುಳುಗುತ್ತದೆ, ನಡುವೆ ಬಲೆ ಗೋಡೆಯಾಗಿ ನಿಲ್ಲುತ್ತದೆ. ನೋಡುವವರಿಗೆ ಕೆಲಸವೆಲ್ಲ ಅವನದೇ ಅನ್ನಿಸುತ್ತದೆ. ಬಲೆ ಅವನ ಕೈಯಲ್ಲಿದೆಯಲ್ಲ.

ಆದರೆ ಆ ಹೊತ್ತಿನಲ್ಲಿ ಅವಳ ಕೈಯನ್ನು ಗಮನಿಸಬೇಕು. ಬಲೆ ಬಿಡುವ ವೇಗಕ್ಕೆ ಸರಿಯಾಗಿ ತೆಪ್ಪ ಸರಿಯಬೇಕು. ಬೇಗ ಸರಿದರೆ ಬಲೆ ಎಳೆದು ಬಿಗಿಯಾಗುತ್ತದೆ, ಬಿಗಿಯಾದ ಬಲೆಗೆ ಮೀನು ತಗುಲಿ ಹಿಂದಕ್ಕೆ ಹೋಗುತ್ತದೆ. ನಿಧಾನವಾದರೆ ಬಲೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಅದೇ ಹೊತ್ತಿಗೆ ಹರಿವು ತೆಪ್ಪವನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಅದನ್ನು ತಡೆದು, ಅಡ್ಡಡ್ಡ ಸಾಗಿ, ಸುತ್ತದಂತೆ ಹಿಡಿದು, ಎದುರಿನ ತಿಟ್ಟಿಗೆ ಮುಟ್ಟಿಸಬೇಕು. ಬಲೆ ಬಿಡುವವನ ಬೆನ್ನು ಅವಳ ಕಡೆಗಿರುತ್ತದೆ. ಅವನು ತಿರುಗಿ ನೋಡುವುದಿಲ್ಲ. ನೋಡಬೇಕಾದ ಅಗತ್ಯವೂ ಇಲ್ಲ.

ಮಾತು ತೀರಾ ಕಡಿಮೆ. "ಬಲಕ್ಕ ಹಾಕಮ್ಮಿ, ಬಲಕ್ಕ" ಎಂದು ಅವನು. "ತಡೀರಿ, ಮುಂದ ಸುಳಿ ಅದ, ಈಗ ಬುಡಬ್ಯಾಡಿ" ಎಂದು ಅವಳು. ಅವಳು ತಡಿ ಎಂದರೆ ಅವನ ಕೈ ನಿಲ್ಲುತ್ತದೆ. ಸುಳಿ ಎಲ್ಲಿದೆ, ನೀರಿನೊಳಗಿನ ಬಂಡೆ ಎಲ್ಲಿದೆ, ಯಾವ ಕವಲಿನಲ್ಲಿ ಹರಿವು ಇವತ್ತು ಹೆಚ್ಚು ಎಂಬುದು ಮೊದಲು ತಿಳಿಯುವುದು ಹುಟ್ಟು ಹಿಡಿದ ಕೈಗೆ. ಕತ್ತಲಾದ ಮೇಲಂತೂ ಆ ಕೈಯೇ ಕಣ್ಣು.

ಬೀಸುಬಲೆಯಲ್ಲಿ ಇದು ಇನ್ನೂ ಸೂಕ್ಷ್ಮ. ಗಂಡ ತೆಪ್ಪದ ಅಂಚಿನಲ್ಲಿ ಎದ್ದು ನಿಲ್ಲುತ್ತಾನೆ. ಬಲೆಯನ್ನು ಮೊಣಕೈಗೂ ಭುಜಕ್ಕೂ ಹಂಚಿಕೊಂಡು, ಸೊಂಟದಿಂದ ತಿರುಗಿ ಬೀಸುತ್ತಾನೆ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಬೀಸಿದ ರಭಸಕ್ಕೆ ತೆಪ್ಪ ಹಿಂದಕ್ಕೆ ಒದೆಯುತ್ತದೆ. ಅದೇ ಕ್ಷಣದಲ್ಲಿ ಅವಳು ಹುಟ್ಟನ್ನು ನೀರಿಗೆ ಊರಿ ತಡೆಯದಿದ್ದರೆ ಅವನು ಬಲೆಯ ಸಮೇತ ನೀರಿಗೆ. ಇಬ್ಬರ ತೂಕ, ಇಬ್ಬರ ಚಲನೆ ಒಂದಾಗಿ ಕೂಡಬೇಕು. ಇದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳು ಅತ್ತೆಯ ಪಕ್ಕದಲ್ಲಿ ಕೂತು ಕಲಿತಿರುತ್ತಾಳೆ, ಇಲ್ಲವೇ ತವರಿನಲ್ಲಿ ಅಪ್ಪನ ತೆಪ್ಪದಲ್ಲಿ.

ಬಲೆ ಕಟ್ಟಿದ ರಾತ್ರಿ ಊರಿಗೆ ಹೋಗುವವರು ಹೋಗುತ್ತಾರೆ. ದೂರ ಬಂದವರು ತಿಟ್ಟಿನ ಮೇಲೆಯೇ ಉಳಿಯುತ್ತಾರೆ. ಒಂದು ಟಾರ್ಪಾಲು, ಒಂದು ಕಂಬಳಿ, ರಾಗಿ ಹಿಟ್ಟು, ಉಪ್ಪು, ಹುಣಸೆಹಣ್ಣು, ಖಾರದ ಪುಡಿ. ಮೂರು ಕಲ್ಲು ಹೂಡಿದರೆ ಒಲೆ. ಹೊಳೆ ತಂದು ಹಾಕಿದ ಕಟ್ಟಿಗೆಯೇ ಸೌದೆ. ಮುದ್ದೆ, ಮೀನಿನ ಸಾರು. ಮಾರಲಾಗದ ಚಿಕ್ಕ ಮೀನುಗಳ ಸಾರು ಅದು, ಆದರೆ ಅದರ ರುಚಿಗೆ ಸಮ ಬೇರೊಂದಿಲ್ಲ. ಹರಿವಿನ ವಿರುದ್ಧ ತೋಳು ಬೀಸಿದವಳೇ ಒಲೆಯ ಮುಂದೆಯೂ ಕೂರುತ್ತಾಳೆ ಎಂಬುದನ್ನು ಮರೆಯಬೇಡಿ. ನಸುಕಿನಲ್ಲಿ, ಬಿಸಿಲು ಏರುವ ಮೊದಲು, ಬಲೆ ಎತ್ತಬೇಕು. ತಡವಾದರೆ ಮೀನು ಕೆಡುತ್ತದೆ.

ಈವರೆಗೆ ಕೆಲಸದ ಬಗ್ಗೆ ಹೇಳಿದೆ. ಬಲೆ ಅವನು ಬಿಟ್ಟರೂ ಅದು ನಿಲ್ಲುವುದು ಅವಳ ಹುಟ್ಟಿನಿಂದ ಎಂದು ಹೇಳಿದೆ. ಈಗ ಆ ಬಲೆಗೆ ಬೀಳುವ ಮೀನಿನ ಬಗ್ಗೆ ಸ್ವಲ್ಪ.

ಹೆಚ್ಚು ಸಿಗುವುದು ಜಿಲೇಬಿ. ಇದು ನಮ್ಮ ಮೀನಲ್ಲ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದರು, ಕೆರೆ ಹೊಳೆಗಳನ್ನೆಲ್ಲ ತುಂಬಿಕೊಂಡಿತು. ಕಾಟ್ಲಾ, ರೋಹು ಉತ್ತರದ ಗಂಗೆಯ ಕಡೆಯ ಮೀನುಗಳು, ಮರಿ ತಂದು ಬಿಟ್ಟು ಬೆಳೆಸಿದ್ದು. ಬಾಳೆ ಮೀನು ಇಲ್ಲಿಯದೇ. ಉದ್ದನೆಯ, ಚಪ್ಪಟೆ ಮೈಯ, ದೊಡ್ಡ ಬಾಯಿಯ ಮೀನು, ಅದಕ್ಕೆ ಗಾಳವನ್ನೂ ಹಾಕುತ್ತಾರೆ.

ಈ ಹೊಳೆಯ ರಾಜನೆಂದರೆ ಬಿಳಿ ಮೀನು. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ, ಅಂಗೈಯಗಲದ ಪೊರೆ. ಮಹಶೀರ್ ಜಾತಿ. ಇಡೀ ಜಗತ್ತಿನಲ್ಲಿ ಈ ಬಗೆ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದ ಮೀನುಗಾರಿಕೆಯ ಪುಸ್ತಕಗಳಲ್ಲಿ ಆ ತೂಕವನ್ನು ಇವತ್ತಿಗೂ ನೆನೆಯುತ್ತಾರೆ. ಗಾಳ ಹಿಡಿದವರ ಹೆಸರು ಹೀಗೆ ಉಳಿಯುತ್ತದೆ. ಅಂಥ ದೊರೆಗಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಮಡುವಿನಿಂದ ಮಡುವಿಗೆ ಒಯ್ದ ಈ ದಡದ ಜನರ ಹೆಸರು ಆ ಪುಸ್ತಕಗಳಲ್ಲಿ ಅಪರೂಪ. ಹುಟ್ಟು ಹಿಡಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಭ್ಯಾಸ ಹಳೆಯದು ಎಂದು ಹೇಳುವುದಕ್ಕಾಗಿ ಇದನ್ನು ಪ್ರಸ್ತಾಪಿಸಿದೆ.

ಆ ಬಿಳಿ ಮೀನು ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದರ ಪ್ರಭೇದವನ್ನು ಖಚಿತವಾಗಿ ಗುರುತಿಸಿದರು. ಅದೇ ವರ್ಷ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್, ಎಲ್ಲಕ್ಕಿಂತ ಕೆಟ್ಟದ್ದಾಗಿ ನೀರಿನಲ್ಲಿ ಸಿಡಿಮದ್ದು ಹಾಕುವುದು ಇದಕ್ಕೆ ಕಾರಣ. ಮದ್ದು ಹಾಕಿದ ಮಡುವಿನಲ್ಲಿ ಮರಿ ಮೊಟ್ಟೆ ಯಾವುದೂ ಉಳಿಯುವುದಿಲ್ಲ. ಬಲೆ ಹಾಗಲ್ಲ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ನುಸುಳಿ ಹೋಗುತ್ತದೆ. ತೆಪ್ಪದ ದಂಪತಿ ನಾಳೆಯೂ ಅದೇ ಮಡುವಿಗೆ ಬರಬೇಕು. ಮದ್ದು ಹಾಕುವವನು ಬರಬೇಕಿಲ್ಲ.

ಹೊಳೆಯಲ್ಲಿ ಪಾಲು ಕೇಳುವವರು ಬೇರೆಯೂ ಇದ್ದಾರೆ. ನೀರುನಾಯಿಗಳು ಗುಂಪಾಗಿ ಬರುತ್ತವೆ, ಬಲೆಗೆ ಸಿಕ್ಕ ಮೀನನ್ನು ಕಚ್ಚಿ ಎಳೆಯುತ್ತವೆ, ಬಲೆ ಹರಿಯುತ್ತದೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ಆದರೆ ಹೊಳೆಯ ಜನ ಪ್ರಾಣಿಗಿಂತ ಹೆಚ್ಚು ಎಚ್ಚರದಿಂದ ಕಾಯುವುದು ನೀರನ್ನು. ಕನ್ನಂಬಾಡಿಯಲ್ಲೋ ಕಬಿನಿಯಲ್ಲೋ ಬಾಗಿಲು ತೆರೆದರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ತಿಟ್ಟಿನ ಮೇಲೆ ಮಲಗಿದವರ ಕಾಲಿಗೆ ನೀರು ತಾಗುತ್ತದೆ. 2018ರ ಪ್ರವಾಹದಲ್ಲಿ ಶಿವನಸಮುದ್ರದ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. 19ನೇ ಶತಮಾನದ ಕಲ್ಲಿನ ಸೇತುವೆ ಅದು. ಅಂಥ ನೀರಿಗೆ ಬಿದಿರಿನ ತೆಪ್ಪ ಎಷ್ಟರದು?

ಇಷ್ಟು ಹೊತ್ತು ಕೊಳ್ಳೇಗಾಲದ ಹೊಳೆಯ ಮಾತಾಯಿತು. ಮೀನು, ನೀರು, ಅಪಾಯ ಮೂರನ್ನೂ ಹೇಳಿದೆ. ಇನ್ನು ಹನೂರಿನ ಕಡೆ ಇಳಿಯೋಣ.

ಶಿವನಸಮುದ್ರದಿಂದ ಕೆಳಗೆ ಕಾವೇರಿ ಬೆಟ್ಟಗಳ ನಡುವಿನ ಕಣಿವೆಗೆ ಇಳಿಯುತ್ತಾಳೆ. ಶಿಂಷಾ ಕೂಡುತ್ತದೆ, ಅರ್ಕಾವತಿ ಕೂಡುತ್ತದೆ, ಮೇಕೆದಾಟು ದಾಟಿ ಅವಳು ಹೊಗೇನಕಲ್ಲಿಗೆ ಹೋಗುತ್ತಾಳೆ. ದಡದ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಅದರೊಳಗೆ ಬಲೆ ಹಾಕುವಂತಿಲ್ಲ. ಬಿಳಿ ಮೀನು ಉಳಿಯಬೇಕಾದರೆ ಈ ನಿಯಮ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ದಡದಲ್ಲೇ ಹುಟ್ಟಿ ಬೆಳೆದ ಮನೆಗಳಿಗೆ ಬೇರೆ ದುಡಿಮೆಯ ದಾರಿ ತೋರಿಸುವ ಹೊಣೆಯೂ ಅದೇ ನಿಯಮದ ಜೊತೆಗೆ ಬರಬೇಕು. ಹೊಗೇನಕಲ್ಲಿನಲ್ಲಿ ಪ್ರವಾಸಿಗರನ್ನು ತೆಪ್ಪದಲ್ಲಿ ಸುತ್ತಿಸುವುದು ಅಂಥ ಒಂದು ದಾರಿ.

ಅಲ್ಲಿಂದ ಕೆಳಗೆ ಗೋಪಿನಾಥಂ, ಪಾಲಾರ್. ಇಲ್ಲಿ ನದಿ ಮತ್ತೆ ಬೇರೆಯದೇ ಆಗುತ್ತದೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಅದರ ಹಿನ್ನೀರು ನಮ್ಮ ಗಡಿಯವರೆಗೂ ನಿಲ್ಲತೊಡಗಿತು. ಜಲಾಶಯ ತುಂಬಿದರೆ 120 ಅಡಿ. ತುಂಬಿದಾಗ ಗುಡ್ಡದ ನೆತ್ತಿಗಳು ದ್ವೀಪಗಳಾಗುತ್ತವೆ, ಇಳಿದಾಗ ಅದೇ ದ್ವೀಪಗಳು ಮತ್ತೆ ಗುಡ್ಡಗಳಾಗುತ್ತವೆ. ಹರಿವು ಇಲ್ಲದ ನೀರು, ಆದರೆ ಗಾಳಿ ಬಲವಾದದ್ದು. ಮಧ್ಯಾಹ್ನದ ಗಾಳಿಗೆ ಅಲೆ ಏಳುತ್ತದೆ, ದುಂಡು ತೆಪ್ಪ ಅಲೆಯ ಮೇಲೆ ಅಳ್ಳಾಡುತ್ತದೆ. ಇಲ್ಲಿಯ ಮೀನುಗಾರ ಜೋಡಿಗಳು ಮನೆಮಾತಿನಲ್ಲಿ ಕನ್ನಡವನ್ನೂ ತಮಿಳನ್ನೂ ಬೆರೆಸುತ್ತಾರೆ. ದಡದ ಗುಡಿಸಲಿನಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ನೀರು ಸರಿದ ಹಾಗೆ ಗುಡಿಸಲೂ ಸರಿಯುತ್ತದೆ.

ಯಳಂದೂರಿನ ಮಾತು ಚಿಕ್ಕದು. ಬಿಳಿಗಿರಿರಂಗನ ಬೆಟ್ಟದ ಬುಡದಿಂದ ಬರುವ ಸುವರ್ಣಾವತಿ ಅಲ್ಲಿ ಹರಿದು ಕೊಳ್ಳೇಗಾಲದ ಬಳಿ ಕಾವೇರಿಯನ್ನು ಸೇರುತ್ತಾಳೆ. ವರ್ಷದ ಬಹುಕಾಲ ಮೊಣಕಾಲು ನೀರು. ಮೀನುಗಾರಿಕೆ ಇರುವುದು ಕೆರೆಗಳಲ್ಲಿ. ಮರಿ ಬಿಟ್ಟು, ಬೆಳೆಸಿ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿಡಿಯುತ್ತಾರೆ. ಅಲ್ಲಿ ಸುಳಿಯಿಲ್ಲ, ಬಂಡೆಯಿಲ್ಲ. ಆದರೂ ತೆಪ್ಪ ಅದೇ, ಹುಟ್ಟು ಹಿಡಿದ ಕೈಯೂ ಅದೇ.

ಹಿಡಿದ ಮೀನು ದಡಕ್ಕೆ ಬಂದ ಮೇಲೆ ಅವಳ ಎರಡನೆಯ ಪಾಳಿ ಶುರು. ಬಲೆಯಿಂದ ಬಿಡಿಸುವುದು, ಗಾತ್ರ ನೋಡಿ ಬೇರೆ ಮಾಡುವುದು, ತೂಕಕ್ಕೆ ಹಾಕುವುದು. ವ್ಯಾಪಾರಿ ದಡಕ್ಕೇ ಬಂದರೆ ಅವನು ಹೇಳಿದ ಬೆಲೆ. ಅವಳೇ ಬುಟ್ಟಿ ಹೊತ್ತು ಸತ್ತೇಗಾಲದ ಹ್ಯಾಂಡ್‌ಪೋಸ್ಟಿಗೋ ಕೊಳ್ಳೇಗಾಲದ ಮಾರುಕಟ್ಟೆಗೋ ಹೋದರೆ ಕಿಲೋಗೆ ಒಂದಿಷ್ಟು ಹೆಚ್ಚು. ಭರಚುಕ್ಕಿಯ ಬಳಿ ಮೀನು ಕರಿದು ಮಾರುವ ಹೆಣ್ಣುಮಕ್ಕಳನ್ನು ನೀವು ನೋಡಿರುತ್ತೀರಿ. ಗಂಡ ಮಧ್ಯಾಹ್ನ ಹರಿದ ಬಲೆ ಹೊಲಿಯುತ್ತಾನೆ. ಅದೂ ತಾಳ್ಮೆಯ ಕೆಲಸವೇ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಇಬ್ಬರ ದುಡಿಮೆ ಒಂದು ಸಂಸಾರ ಎಂಬುದು ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಕಾಗದಗಳಿಗೆ.

ಕೇಳುಗರೇ, ನದಿ, ತೆಪ್ಪ, ಬಲೆ, ಮೀನು, ಮಾರಾಟ ಇಷ್ಟನ್ನೂ ಹೇಳಿದ್ದು ಈ ಕೊನೆಯ ಮಾತಿಗಾಗಿ. ನಾನು ಕಂಡ ಹಲವು ಮನೆಗಳಲ್ಲಿ ಮೀನುಗಾರರ ಸಂಘದ ಪುಸ್ತಕದಲ್ಲಿ ಇರುವುದು ಗಂಡನ ಹೆಸರು ಮಾತ್ರ. ಗುರುತಿನ ಚೀಟಿ ಅವನದು, ಸಾಲದ ಅರ್ಜಿ ಅವನದು. ಅವಳ ಕೆಲಸ ಏನು ಎಂಬ ಜಾಗದಲ್ಲಿ "ಮನೆಗೆಲಸ" ಎಂದು ಬರೆಸಿರುತ್ತಾರೆ. ಅದೇ ಹೊಳೆ, ಅದೇ ತೆಪ್ಪ, ಅದೇ ಅಪಾಯ. ತೆಪ್ಪ ಮಗುಚಿದರೆ ಇಬ್ಬರೂ ನೀರಿಗೆ ಬೀಳುತ್ತಾರೆ. ಪರಿಹಾರದ ಲೆಕ್ಕದಲ್ಲಿ ಮಾತ್ರ ಒಬ್ಬರೇ ಬಿದ್ದಂತಾಗುತ್ತದೆ.

ಇದು ಸರಿಯಾಗಬಲ್ಲ ಸಂಗತಿ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆಯ ಖರ್ಚಿಗೆ 25 ಸಾವಿರದವರೆಗೆ. ವಿಮೆ ಮೀನುಗಾರರಿಗೆ, ಗಂಡಸರಿಗೆ ಮಾತ್ರ ಅಲ್ಲ. ರೈತರಿಗಿರುವ ಕಿಸಾನ್ ಕ್ರೆಡಿಟ್ ಕಾರ್ಡ್ ಕೂಡ ಈಗ ಮೀನುಗಾರರಿಗೆ ಸಿಗುತ್ತದೆ. ಸಹಕಾರ ಸಂಘದ ಸದಸ್ಯತ್ವಕ್ಕೆ ಹೆಣ್ಣಿಗೆ ಕಾನೂನಿನ ತಡೆಯಿಲ್ಲ. ಆದರೆ ಇದೆಲ್ಲಕ್ಕೂ ಮೊದಲು ಅವಳ ಹೆಸರು ಮೀನುಗಾರ್ತಿ ಎಂದು ಒಂದು ಕಡೆ ಬರೆದಿರಬೇಕು.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ತೆಪ್ಪ ಇಟ್ಟುಕೊಂಡ ಮನೆಯವರು ಈ ಮಾತನ್ನು ಕೇಳುತ್ತಿದ್ದರೆ, ನಿಮ್ಮಲ್ಲಿ ನನ್ನ ವಿನಂತಿ ಇದು. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಿ. ಆಧಾರ್, ಬ್ಯಾಂಕ್ ಪುಸ್ತಕ ಇಬ್ಬರದ್ದನ್ನೂ ತೆಗೆದುಕೊಂಡು ಹೋಗಿ. ಸಂಘದ ಕಾರ್ಯದರ್ಶಿಗಳೇ, ನಿಮ್ಮ ಪುಸ್ತಕ ತೆರೆದು ನೋಡಿ, ತೆಪ್ಪದಲ್ಲಿ ಇಬ್ಬರಿರುವ ಮನೆಯಿಂದ ಒಂದೇ ಹೆಸರು ಇದ್ದರೆ ಎರಡನೆಯದನ್ನು ಕೇಳಿ ಬರೆದುಕೊಳ್ಳಿ. ಲೈಫ್ ಜಾಕೆಟ್ ಕೊಡುವಾಗ ತೆಪ್ಪಕ್ಕೆ ಒಂದಲ್ಲ, ಎರಡು ಕೊಡಿ. ಮುಂಗಾರು ಹಿಡಿದು ಜಲಾಶಯಗಳ ಬಾಗಿಲು ತೆರೆಯುವ ಮೊದಲೇ ಈ ಕೆಲಸ ಮುಗಿಸಿ.